ಎರ್ಮಾಳ್ ಕಡಲ ತಡಿಯಲ್ಲಿ ಬೇಸಗೆಯ ಬಿಡಾರ: ಎರಡು ರಾತ್ರಿಗಳ ಸಿದ್ಧತೆ, ಸಲಕರಣೆ, ಶಿಸ್ತು

ಉಡುಪಿಯಿಂದ ಮಂಗಳೂರಿಗೆ ಸಾಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾಪು, ಮೂಳೂರು, ಉಚ್ಚಿಲಗಳನ್ನು ಹಿಂದಿಕ್ಕಿ ಪಡುಬಿದ್ರಿಯನ್ನು ಸೇರುವುದಕ್ಕೆ ತುಸು ಮುನ್ನ, ಬಡ ಎರ್ಮಾಳ್, ತೆಂಕ ಎರ್ಮಾಳ್ ಎಂದು ಎರಡಾಗಿ ಹರಡಿಕೊಂಡು, ಪಶ್ಚಿಮಕ್ಕೆ ಅರಬ್ಬೀ ಸಮುದ್ರವನ್ನೇ ಮೇರೆಯಾಗಿ ಪಡೆದಿರುವ ಊರೊಂದಿದೆ. ವಾರಾಂತ್ಯದ ಬಿಡುವಿನಲ್ಲಿ ನಾಲ್ಕು ಗೋಡೆಗಳ ಆಚೆಗೆ ಎರಡು ರಾತ್ರಿ ಕಳೆಯಬೇಕೆಂದು ಹಂಬಲಿಸುವ ಮಣಿಪಾಲದ ವಿದ್ಯಾರ್ಥಿಗೂ, ಮಕ್ಕಳಿಗೆ ನಕ್ಷತ್ರಗಳನ್ನು ತೋರಿಸಬೇಕೆಂದಿರುವ ಉಡುಪಿ, ಕಾರ್ಕಳಗಳ ಗೃಹಸ್ಥನಿಗೂ, ಹೊಸದಾಗಿ ಕೊಂಡ ಡೇರೆ ಚೀಲಗಳನ್ನು ದೂರದ ಪ್ರವಾಸಕ್ಕೆ ಮೊದಲು ಒಮ್ಮೆ ಒರೆಹಚ್ಚಿ ನೋಡಬೇಕೆಂದಿರುವ ಚಾರಣಿಗನಿಗೂ ಇದಕ್ಕಿಂತ ಸಮೀಪದ, ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷಾಸ್ಥಳ ದೊರೆಯುವುದು ಕಷ್ಟ. ಏಕೆಂದರೆ ಉಪ್ಪು, ಮರಳು, ಬೆವರು, ನಡುಹಗಲಿನ ಝಳ, ಮುಸ್ಸಂಜೆಯಲ್ಲಿ ಹೇಳದೆ ಬರುವ ಗುಡುಗುಮಳೆ, ಇವೆಲ್ಲವೂ ಏಪ್ರಿಲ್ ಮೇ ತಿಂಗಳುಗಳ ಕರಾವಳಿಯಲ್ಲಿ ಒಟ್ಟಿಗೆ ಕೂಡಿಬರುವುದರಿಂದ, ಚಳಿಯೊಂದನ್ನು ಬಿಟ್ಟು ಸಲಕರಣೆಗೆ ಎದುರಾಗತಕ್ಕ ಸಮಸ್ತ ಕಷ್ಟಗಳನ್ನೂ ಎರಡೇ ದಿನಗಳಲ್ಲಿ ಅದು ಅನುಭವಿಸಿಬಿಡುತ್ತದೆ.

ಈ ಲೇಖನದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳಿತು: ಬಿಡಾರದ ಸಾಮಾನಿನ ಯೋಗ್ಯತೆಗೆ ಅಳತೆಗೋಲು ಅದು ಒದಗುವ ಕೆಲಸಗಳ ಸಂಖ್ಯೆಯೇ. ಒಂದೇ ಕೆಲಸಕ್ಕೆ ಬರುವ ಹತ್ತು ವಸ್ತುಗಳನ್ನು ಹೊತ್ತವನಿಗಿಂತ, ಮೂರು ಮೂರು ಕೆಲಸಗಳಿಗೆ ಬರುವ ನಾಲ್ಕು ವಸ್ತುಗಳನ್ನು ಹೊತ್ತವನು ಹಗುರವಾಗಿ ನಡೆಯುತ್ತಾನೆ, ನಿಶ್ಚಿಂತನಾಗಿ ನಿದ್ರಿಸುತ್ತಾನೆ, ತಾನು ತಂಗಿದ ನೆಲದ ಮೇಲೆಯೂ ಕಡಿಮೆ ಭಾರವನ್ನು ಹೇರುತ್ತಾನೆ. ಮುಂದಿನ ಕ್ರಮಗಳೆಲ್ಲವೂ ಈ ತತ್ತ್ವವನ್ನೇ ಅನುಸರಿಸಿವೆ.

೧. ಕಾಲವನ್ನು ಗೊತ್ತುಮಾಡಿಕೊಳ್ಳುವುದು

ತುಳುನಾಡಿನ ಉತ್ಸವಗಳ ಋತು ಎರ್ಮಾಳಿನ ಜನಾರ್ದನ ದೇವಾಲಯದ ಜಾತ್ರೆಯಿಂದ ಮೊದಲಾಗಿ ಖಂಡೇವಿನ ಉತ್ಸವದಲ್ಲಿ ಮುಗಿಯುವುದೆಂದು ಹಿರಿಯರ ನುಡಿ. ಅದರಂತೆಯೇ ತುಳು ಪಂಚಾಂಗದ ಬೇಸ್ಯ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಎಂದರೆ ಮೇ ತಿಂಗಳ ೨೪, ೨೫ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಬಯಲಿನಲ್ಲಿ ರಾತ್ರಿ ಕಳೆಯುವ ಕಾರ್ಯಗಳಿಗೆಲ್ಲ ಪೂರ್ವಿಕರು ಹಾಕಿಟ್ಟ ಈ ಗಡುವು ಡೇರೆ ಹೂಡುವವನಿಗೂ ಅನ್ವಯಿಸತಕ್ಕದ್ದೇ. ಜೂನ್ ಮೊದಲ ವಾರದಲ್ಲಿ ನೈಋತ್ಯ ಮಾರುತ ಕರಾವಳಿಯನ್ನು ಮುಟ್ಟುವುದಕ್ಕೆ ಮೊದಲೇ ಸಮುದ್ರ ಕೆರಳತೊಡಗುತ್ತದೆ. ಪಶ್ಚಿಮ ಕರಾವಳಿಯ ಯಾಂತ್ರಿಕ ಮೀನುಗಾರಿಕೆಯೇ ಜೂನ್ ೧ರಿಂದ ಜುಲೈ ೩೧ರವರೆಗೆ ನಿಷಿದ್ಧವಾಗಿರುವಾಗ ದಡದ ಮೇಲೆ ಬಟ್ಟೆಯ ಮನೆಯನ್ನು ಕಟ್ಟಿ ಮಲಗುವುದು ವಿವೇಕವಲ್ಲ.

ದಿನವನ್ನು ಆರಿಸುವಾಗ ಪಂಚಾಂಗವನ್ನು ನೋಡಿರಿ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಅತ್ಯಧಿಕವಾಗಿಯೂ, ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯವಾಗಿಯೂ ಇರುತ್ತದೆ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷಗಳ ಅಂತರವಿರುವುದರಿಂದ, ಇಂದಿನ ಉಬ್ಬರದ ಹೊತ್ತನ್ನು ತಿಳಿದರೆ ನಾಳೆಯದು ಸುಮಾರು ೫೦ ನಿಮಿಷ ತಡವಾಗಿ ಬರುವುದೆಂದು ಯಾರಾದರೂ ಲೆಕ್ಕ ಹಾಕಬಹುದು. ಇದಲ್ಲದೆ, ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಕೆಲವು ದಿನಗಳ ಬಳಿಕ, ಇಲ್ಲಿ ಗಾಳಿಯೇ ಇಲ್ಲದಿರುವಾಗಲೂ, ದಡವನ್ನು ಏರಿಬರುವುದುಂಟು. ಕೇರಳದ ಬೆಸ್ತರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂಥ ತೆರೆಗಳ ಮುನ್ನೆಚ್ಚರಿಕೆಯನ್ನು ಪ್ರಕಟಿಸುತ್ತದೆ. ಹೊರಡುವ ಹಿಂದಿನ ದಿನ ಅದನ್ನೂ, ಹವಾಮಾನ ಇಲಾಖೆಯ ವರದಿಯನ್ನೂ ನೋಡುವುದು ಅವಶ್ಯಕ.

೨. ಸ್ಥಳವನ್ನೂ ಅನುಮತಿಯನ್ನೂ ಪಡೆಯುವುದು

ಎರ್ಮಾಳಿನ ದಡ ಬರಿಯ ಮರಳಲ್ಲ. ಅದು ಮೊಗವೀರರ ದುಡಿಮೆಯ ಅಂಗಳ. ದೋಣಿಗಳನ್ನು ಎಳೆದಿಡುವುದಕ್ಕೂ, ಬಲೆಯನ್ನು ಹರಡುವುದಕ್ಕೂ, ಕೈರಂಪಣಿಯ ಹಗ್ಗ ಹಿಡಿದು ಸಾಲಾಗಿ ನಿಲ್ಲುವುದಕ್ಕೂ ಅವರಿಗೆ ನಿಶ್ಚಿತವಾದ ಜಾಗಗಳಿವೆ. ಮಳೆಗಾಲದ ಕಡಲ್ಕೊರೆತ ವರ್ಷ ವರ್ಷವೂ ದಡವನ್ನು ತಿನ್ನುತ್ತಿರುವುದರಿಂದ, ಕಲ್ಲಿನ ತಡೆಗೋಡೆಗಳ ನಡುವೆ ಉಳಿದಿರುವ ಮರಳು ಅವರಿಗೇ ಸಾಲದಾಗಿದೆ. ಆದುದರಿಂದ ಡೇರೆಗೆ ಯೋಗ್ಯವಾದ ಸ್ಥಳ ಸಮುದ್ರದ ಅಂಚಲ್ಲ, ಅದರ ಹಿಂದಿನ ಖಾಸಗಿ ಹಿತ್ತಿಲು ಅಥವಾ ವಸತಿಗೃಹದ ಅಂಗಳ. ಶುದ್ಧ ನೀರು, ಶೌಚಾಲಯ, ಅವಘಡವಾದರೆ ಓಡಿಹೋಗಲು ಒಂದು ಗಟ್ಟಿ ಸೂರು, ಈ ಮೂರೂ ಅಲ್ಲಿ ಲಭಿಸುತ್ತವೆ. ಭೂಮಿಯ ಒಡೆಯರ ಒಪ್ಪಿಗೆಯನ್ನು ಮೊದಲೇ ಪಡೆದು, ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಸಮೀಪದ ಪೊಲೀಸ್ ಠಾಣೆಗೆ ನಿಮ್ಮ ಸಂಖ್ಯೆಯನ್ನೂ ದಿನಗಳನ್ನೂ ತಿಳಿಸಿರಿ. ಕುದುರೆಮುಖದ ತಪ್ಪಲಿನತ್ತ ಹೋಗಬಯಸುವ ಕಾರ್ಕಳದವರಿಗೂ ಒಂದು ಮಾತು: ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ, ತಂಗುವುದಂತೂ ದೂರ.

ನೆಲವನ್ನು ಆರಿಸುವಾಗ ಮೂರು ನಿಷೇಧಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ತೆಂಗಿನ ಮರದ ಕೆಳಗೆ ಡೇರೆ ಕೂಡದು. ಕಾಯಿಯಷ್ಟೇ ಅಲ್ಲ, ಒಣಗಿದ ಮಡಲು ಬಿದ್ದರೂ ಡೇರೆಯ ಬೆನ್ನೆಲುಬು ಮುರಿಯುತ್ತದೆ. ಎರಡನೆಯದು, ಮರಳದಿಣ್ಣೆಗಳನ್ನು ಬೇರುಗಳಿಂದ ಬಿಗಿದು ಹಿಡಿದಿರುವ ಅಡಂಬು ಬಳ್ಳಿಯನ್ನು ತುಳಿಯುವುದಾಗಲಿ ಕೀಳುವುದಾಗಲಿ ಸಲ್ಲದು. ಮೂರನೆಯದು, ಒಣ ತರಗು ಹಾಸಿಕೊಂಡಿರುವ ಗಾಳಿಮರದ ತೋಪಿನಲ್ಲಿ ಬೆಂಕಿಯ ಮಾತೇ ಬೇಡ.

೩. ಬಹೂಪಯೋಗಿ ಸಲಕರಣೆಗಳ ಆಯ್ಕೆ

ಡೇರೆ: ಕರಾವಳಿಯ ಮೇ ತಿಂಗಳಲ್ಲಿ ರಾತ್ರಿಯಲ್ಲಿಯೂ ಸೆಖೆ ತಗ್ಗುವುದು ವಿರಳವಾದ್ದರಿಂದ, ಎರಡು ಪದರಗಳುಳ್ಳ, ಒಳಪದರ ಪೂರ್ತಿಯಾಗಿ ಸೊಳ್ಳೆಪರದೆಯ ಬಟ್ಟೆಯದೇ ಆಗಿರುವ, ಎದುರುಬದುರು ಎರಡು ಬಾಗಿಲುಗಳಿರುವ ಡೇರೆಯನ್ನೇ ಆರಿಸಿರಿ. ಮೋಡವಿಲ್ಲದ ರಾತ್ರಿ ಹೊರಪದರವನ್ನು ತೆಗೆದರೆ ಅದೇ ಸೊಳ್ಳೆಪರದೆ. ಮಳೆ ಬಂದರೆ ಅದೇ ಮನೆ. ಹೊರಪದರದ ಮೇಲೆ ನಮೂದಿಸಿರುವ ೨೦೦೦ ಮಿಲಿಮೀಟರ್ ಎಂಬ ಅಂಕಿಯ ಅರ್ಥ, ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ಸೋರದೆ ತಡೆಯಿತೆಂದು. ಬೇಸಗೆಯ ಮಳೆಗೆ ಅದು ಸಾಕು. ಆದರೆ ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿರುವುದೇ ಎಂದು ಕೈಯಾಡಿಸಿ ನೋಡದೆ ಕೊಳ್ಳಬೇಡಿರಿ, ಏಕೆಂದರೆ ನೀರು ಒಳಬರುವುದು ಹೊಲಿಗೆಯ ದಾರಿಯಿಂದಲೇ.

ತಾಡಪಾಲು: ೩ ಮೀಟರ್ ಅಗಲ, ೪ ಮೀಟರ್ ಉದ್ದದ, ಅಂಚಿಗೆ ಕಣ್ಣುಗಳಿರುವ ಹಗುರವಾದ ತಾಡಪಾಲು ಹಗಲಿಗೆ ನೆರಳು, ಮಳೆಗೆ ಎರಡನೆಯ ಸೂರು, ಊಟಕ್ಕೆ ಹಾಸು, ಪ್ರಯಾಣದಲ್ಲಿ ಗಂಟಿನ ಹೊದಿಕೆ. ಸಾಮಾನುಗಳಲ್ಲೆಲ್ಲ ಅತ್ಯಂತ ಅಗ್ಗವೂ ಅತ್ಯಂತ ಉಪಕಾರಿಯೂ ಆದುದು ಇದೇ.

ಬೈರಾಸು: ಹೊಸ ಸಲಕರಣೆಗಳ ಅಂಗಡಿಯಲ್ಲಿ ದೊರೆಯದ, ಆದರೆ ಕರಾವಳಿಯ ಪ್ರತಿ ಮನೆಯಲ್ಲೂ ಇರುವ ಈ ನೂಲಿನ ಬಟ್ಟೆ ಮೈ ಒರಸುತ್ತದೆ, ತಲೆಗೆ ಮುಂಡಾಸಾಗುತ್ತದೆ, ಬಿಸಿ ಪಾತ್ರೆಗೆ ಹಿಡಿಯಾಗುತ್ತದೆ, ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದರೆ ಝಳವನ್ನು ತಣಿಸುತ್ತದೆ, ಕೈ ಉಳುಕಿದರೆ ಜೋಲಿಯಾಗುತ್ತದೆ. ತಲೆಗೆ ಎರಡೆರಡು ಇರಲಿ.

ಹಾಸಿಗೆ: ಈ ಸೆಖೆಯಲ್ಲಿ ದಪ್ಪ ಮಲಗುವ ಚೀಲ ನಿರರ್ಥಕ ಭಾರ. ಮುಂಡೇವಿನ ಎಲೆಯ ಚಾಪೆಯ ಮೇಲೆ ತೆಳುವಾದ ಹತ್ತಿಯ ಹೊದಿಕೆ ಸಾಕು. ಮೈಗೆ ಅಂಟುವ ರಬ್ಬರು ಹಾಸಿಗಿಂತ ಚಾಪೆಯಲ್ಲಿ ಗಾಳಿ ಆಡುವುದು ಹೆಚ್ಚು, ಮರಳೂ ಒಂದೇ ಕೊಡವಿಗೆ ಉದುರುತ್ತದೆ. ಪರ್ವತಕ್ಕೆಂದು ಕೊಂಡ ಹಾಸು ಹೊದಿಕೆಗಳ ಪರೀಕ್ಷೆಯನ್ನು ಬೇರೊಂದು ಋತುವಿಗೆ ಬಿಡಿರಿ.

ದೀಪ: ಕೈಗಳಿಗೆ ಬಿಡುವು ಕೊಡುವ ತಲೆದೀಪವೇ ಶ್ರೇಷ್ಠ. ೨೦೦ ಲ್ಯೂಮೆನ್ ಬೆಳಕು ಧಾರಾಳ. ಕೆಂಪು ಬೆಳಕಿನ ಏರ್ಪಾಡು ಮಾತ್ರ ಇರಲೇಬೇಕು. ಅದರಿಂದ ಕಣ್ಣು ಕತ್ತಲೆಗೆ ಒಗ್ಗಿಕೊಂಡೇ ಇರುತ್ತದೆ, ಹುಳುಗಳು ಮುತ್ತುವುದೂ ಕಡಿಮೆ. ನೀರು ತುಂಬಿದ ಬಿಳಿಯ ಪ್ಲಾಸ್ಟಿಕ್ ಡಬ್ಬಿಗೆ ತಲೆದೀಪವನ್ನು ಒಳಮುಖವಾಗಿ ಕಟ್ಟಿದರೆ ಡೇರೆಯಿಡೀ ಬೆಳಗುವ ಕಂದೀಲೂ ಆಗುವುದು.

ಉಳಿದವು: ಒಂದು ಮಡಚುವ ಚೂರಿ, ೧೫ ಮೀಟರ್ ಹಗ್ಗ, ಒಂದರೊಳಗೊಂದು ಕೂರುವ ಎರಡು ಪಾತ್ರೆಗಳು, ೧೦,೦೦೦ ಮಿಲಿ ಆಂಪಿಯರ್ ಗಂಟೆಯ ಪವರ್ ಬ್ಯಾಂಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಪವರ್ ಬ್ಯಾಂಕಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಪರಿವರ್ತನೆಯಲ್ಲಿಯೇ ನಷ್ಟವಾಗುವುದರಿಂದ ಅದು ಒಂದು ಮೊಬೈಲನ್ನು ಸುಮಾರು ಒಂದೂವರೆ ಬಾರಿಯಷ್ಟೇ ತುಂಬಬಲ್ಲುದೆಂದು ತಿಳಿದಿರಿ. ಊಟದ ತಟ್ಟೆಗೆ ಅಡಕೆ ಹಾಳೆಗಿಂತ ಉತ್ತಮವಾದುದಿಲ್ಲ.

೪. ಮನೆಯಲ್ಲಿಯೇ ಮೊದಲ ಪರೀಕ್ಷೆ

ಹೊರಡುವ ವಾರಕ್ಕೆ ಮುಂಚಿತವಾಗಿ ಡೇರೆಯನ್ನು ಅಂಗಳದಲ್ಲಿಯೋ ತಾರಸಿಯಲ್ಲಿಯೋ ಹೂಡಿ, ಕೊಳವೆಯಿಂದ ಹದಿನೈದು ನಿಮಿಷ ನೀರು ಸುರಿದು, ಒಳಗೆ ಹಾಸಿದ ಹಳೆಯ ಪತ್ರಿಕೆ ಎಲ್ಲಿ ಒದ್ದೆಯಾಯಿತೆಂದು ನೋಡಿರಿ. ಅದನ್ನೇ ಸಂಜೆ ಕತ್ತಲಲ್ಲಿ ಮತ್ತೊಮ್ಮೆ ಹೂಡಿರಿ. ಮಳೆ ಬಂದಾಗ ಕೈಗೆ ದಾರಿ ತಿಳಿದಿರಬೇಕಾದುದು ಕತ್ತಲಲ್ಲಿಯೇ. ಅನಿಲದ ಒಲೆಯಿದ್ದರೆ ಅದರ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೆರೆದ ಜಾಗದಲ್ಲಿ ೧ ಲೀಟರ್ ನೀರನ್ನು ಕುದಿಸಿ, ಪುನಃ ತೂಗಿರಿ. ಗಾಳಿಯಿಲ್ಲದಾಗ ಸುಮಾರು ೧೫ ಗ್ರಾಂ ಅನಿಲ ವ್ಯಯವಾಗಿರುತ್ತದೆ. ಕಡಲ ಗಾಳಿಗೆ ಅದು ಇನ್ನೂ ಏರುವುದು. ಎಷ್ಟು ಡಬ್ಬಿ ಒಯ್ಯಬೇಕೆಂಬ ಪ್ರಶ್ನೆಗೆ ಅಂಗಡಿಯವನ ಮಾತಿಗಿಂತ ಈ ಲೆಕ್ಕವೇ ನಂಬಲರ್ಹ. ಕೊನೆಗೆ ತುಂಬಿದ ಚೀಲವನ್ನು ಹೊತ್ತು ಊರೊಳಗೆ ಒಂದು ಗಂಟೆ ನಡೆದು, ಭುಜ ಸೊಂಟಗಳಲ್ಲಿ ಎಲ್ಲಿ ಉಜ್ಜಿತೆಂದು ಗುರುತಿಸಿ ಪಟ್ಟಿಗಳನ್ನು ಸರಿಪಡಿಸಿರಿ.

೫. ಮರಳಿನಲ್ಲಿ ಡೇರೆ ಹೂಡುವ ಕ್ರಮ

ಸಂಜೆ ನಾಲ್ಕು ಗಂಟೆಯೊಳಗೆ ತಲಪಿದರೆ ಬೆಳಕಿರುವಾಗಲೇ ಎಲ್ಲ ಕೆಲಸವೂ ಮುಗಿಯುತ್ತದೆ. ಹಗಲಿನ ಗಾಳಿ ಕಡಲಿನಿಂದಲೂ, ನಡುರಾತ್ರಿಯ ಬಳಿಕದ ಗಾಳಿ ನೆಲದಿಂದ ಕಡಲಿಗೂ ಬೀಸುವುದು ಇಲ್ಲಿನ ನಿಯಮ. ಏಕೆಂದರೆ ಬಿಸಿಲಿಗೆ ನೆಲ ಬೇಗನೆ ಕಾಯುತ್ತದೆ, ರಾತ್ರಿ ಬೇಗನೆ ತಣಿಯುತ್ತದೆ. ಆದುದರಿಂದ ಡೇರೆಯ ಎರಡು ಬಾಗಿಲುಗಳು ಪೂರ್ವ ಪಶ್ಚಿಮಗಳಿಗೆ ತೆರೆಯುವಂತೆ ಹೂಡಿದರೆ ಎರಡೂ ಗಾಳಿಗಳು ಒಳಗಾಗಿ ಹಾದುಹೋಗುತ್ತವೆ. ಬೇಸಗೆಯ ಗುಡುಗುಮೋಡ ಸಾಮಾನ್ಯವಾಗಿ ಘಟ್ಟದ ಕಡೆಯಿಂದ ಇಳಿದುಬರುವುದರಿಂದ ಪೂರ್ವದ ಬದಿಯ ಹಗ್ಗಗಳು ವಿಶೇಷವಾಗಿ ಬಿಗಿಯಾಗಿರಲಿ.

ಡೇರೆಯೊಂದಿಗೆ ಬರುವ ತೆಳುಗೂಟಗಳು ಸಡಿಲವಾದ ಮರಳಿನಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಉಪಾಯ ಹೀಗಿದೆ: ಮೊಳದುದ್ದದ ಕೋಲಿಗೋ, ಮರಳು ತುಂಬಿದ ಬಟ್ಟೆಯ ಚೀಲಕ್ಕೋ ಹಗ್ಗದ ತುದಿಯನ್ನು ಕಟ್ಟಿ, ಒಂದು ಮೊಳ ಆಳದ ಗುಂಡಿಯಲ್ಲಿ ಅದನ್ನು ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ, ಮರಳು ಮುಚ್ಚಿ, ತುಳಿದು, ಮೇಲೆ ನೀರೆರೆಯಿರಿ. ಹೂತುಹೋದ ವಸ್ತುವಿನ ಮೇಲಿರುವ ಮರಳಿನ ಭಾರವೆಲ್ಲವೂ ಹಗ್ಗವನ್ನು ಹಿಡಿಯುವುದರಿಂದ ಬಿರುಗಾಳಿಗೂ ಅದು ಸುಲಭವಾಗಿ ಜಗ್ಗದು. ತಾಡಪಾಲನ್ನು ಡೇರೆಯಿಂದ ಒಂದು ಮೊಳ ಮೇಲೆ, ಇಳಿಜಾರಾಗಿ ಕಟ್ಟಿರಿ; ನಡುವಿನ ಗಾಳಿಯ ಪದರ ಬಿಸಿಲಿನ ತಾಪವನ್ನು ತಗ್ಗಿಸುತ್ತದೆ. ಮಳೆನೀರಿಗೆಂದು ಡೇರೆಯ ಸುತ್ತ ಕಾಲುವೆ ಅಗೆಯುವ ಹಳೆಯ ಪದ್ಧತಿಯನ್ನು ಕೈಬಿಡಿರಿ. ತುಸು ಎತ್ತರದ ನೆಲವನ್ನು ಆರಿಸಿದರೆ ಅದರ ಅಗತ್ಯವೇ ಬಾರದು.

೬. ನೀರು ಮತ್ತು ಅಡುಗೆ

ಕುಡಿಯಲೂ ಬೇಯಿಸಲೂ ಒಬ್ಬನಿಗೆ ದಿನಕ್ಕೆ ೪ ಲೀಟರ್ ನೀರು ಈ ಸೆಖೆಯಲ್ಲಿ ಬೇಕೇ ಬೇಕು. ಕಡಲಂಚಿನ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ಏರುವ ಸಂಭವವಿರುವುದರಿಂದ ರುಚಿ ನೋಡಿ, ಕುದಿಸಿ ಬಳಸಿರಿ. ಬೆವರಿ ಬಳಲಿದವನಿಗೆ ೧ ಲೀಟರ್ ಶುದ್ಧ ನೀರಿನಲ್ಲಿ ೬ ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕೊಡಿರಿ. ಬೊಂಡವೂ ಪುನರ್ಪುಳಿಯ ಪಾನಕವೂ ಹಿತಕರ.

ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಹಿಡಿಯುವುದರಿಂದ ಅನಿಲ ವೃಥಾ ಖರ್ಚಾಗುತ್ತದೆಂದು ಅನೇಕರು ಅದನ್ನು ಬಿಟ್ಟುಬರುತ್ತಾರೆ. ಆದರೆ ಮಧ್ಯಾಹ್ನವೇ ಅಕ್ಕಿಯನ್ನು ನೆನೆಸಿ, ಧಾರಾಳ ನೀರಿನಲ್ಲಿ ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳವನ್ನು ತೆರೆಯದೆ ಪಾತ್ರೆಯನ್ನು ಎರಡು ಬೈರಾಸುಗಳಲ್ಲಿಯೂ ಹೊದಿಕೆಯಲ್ಲಿಯೂ ಬಿಗಿಯಾಗಿ ಸುತ್ತಿ ಒಂದೂವರೆ ಗಂಟೆ ಇಟ್ಟರೆ, ಒಳಗಿನ ಶಾಖದಲ್ಲಿಯೇ ಬಹುಪಾಲು ಬೇಯುತ್ತದೆ. ಉಣ್ಣುವ ಮುನ್ನ ಒಂದು ಕುದಿ ಬರಿಸಿದರೆ ಗಂಜಿ ಸಿದ್ಧ. ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬೆಳಗ್ಗೆ ಅವಲಕ್ಕಿ ಬೆಲ್ಲ ತೆಂಗಿನತುರಿ ಇದ್ದರೆ ಕೊರತೆಯೇನಿದೆ? ಮೀನು ಬೇಕಾದವರು ದಡಕ್ಕೆ ಬಂದ ದೋಣಿಯಿಂದ ಅಂದಿಗೆ ಬೇಕಾದಷ್ಟನ್ನೇ ಕೊಂಡು ಅಂದೇ ಮುಗಿಸುವುದು ಕ್ಷೇಮ.

ಡೇರೆಯ ಒಳಗೆ ಒಲೆಯನ್ನಾಗಲಿ ಕೆಂಡವನ್ನಾಗಲಿ ಎಂದಿಗೂ ಇಡಕೂಡದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ರೆಯಲ್ಲಿಯೇ ಪ್ರಾಣವನ್ನು ಕೊಂಡೊಯ್ಯುತ್ತದೆ. ಗಾಳಿತಡೆಯನ್ನು ಅನಿಲದ ಡಬ್ಬಿಯ ಸುತ್ತ ಪೂರ್ತಿಯಾಗಿ ಮುಚ್ಚಿದರೆ ಡಬ್ಬಿ ಕಾದು ಸಿಡಿಯುವ ಭಯವುಂಟು. ಒಂದು ಬದಿ ಸದಾ ತೆರೆದಿರಲಿ.

೭. ಕಡಲು, ಸಿಡಿಲು, ಇರುಳು

ಈಜಬೇಕೆನ್ನುವವರಿಗೆ ಸಮೀಪದಲ್ಲಿಯೇ, ೨೦೨೦ರಲ್ಲಿ ನೀಲಿಧ್ವಜದ ಅಂತಾರಾಷ್ಟ್ರೀಯ ಮಾನ್ಯತೆಯನ್ನು ಪಡೆದ ಪಡುಬಿದ್ರಿಯ ಕಡಲತೀರವಿದೆ. ಜೀವರಕ್ಷಕರ ಕಣ್ಣೆದುರಿನಲ್ಲಿ, ಅವರು ಗುರುತಿಸಿದ ಮೇರೆಯೊಳಗೆ ಹಗಲು ಹೊತ್ತು ನೀರಿಗಿಳಿಯುವುದೇ ಸರಿ. ದಡದಿಂದ ಒಳಗೆ ಸೆಳೆಯುವ ಸುಳಿಗೆ ಸಿಕ್ಕಿದರೆ ಅದರ ವಿರುದ್ಧ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬಂದು, ಬಳಿಕ ದಡದತ್ತ ತಿರುಗಬೇಕು. ಕತ್ತಲಾದ ಮೇಲೆ ಮೊಣಕಾಲುದ್ದದ ನೀರಿಗೂ ಇಳಿಯಬಾರದು.

ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿರಿ: ಪ್ರತಿ ೩ ಸೆಕೆಂಡಿಗೆ ಸಿಡಿಲು ೧ ಕಿಲೋಮೀಟರ್ ದೂರದಲ್ಲಿದೆಯೆಂದು ಅರ್ಥ. ಎಣಿಕೆ ೩೦ಕ್ಕೆ ಇಳಿಯಿತೆಂದರೆ ಡೇರೆಯನ್ನು ಬಿಟ್ಟು ಕಾಂಕ್ರೀಟು ಸೂರಿನ ಕಟ್ಟಡಕ್ಕೋ ಮುಚ್ಚಿದ ಕಾರಿಗೋ ಹೋಗಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯತಕ್ಕದ್ದು. ಬಟ್ಟೆಯ ಡೇರೆಯಾಗಲಿ ಒಂಟಿ ಮರವಾಗಲಿ ಸಿಡಿಲಿನಿಂದ ಕಾಪಾಡಲಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಎಂಬ ಮೊಬೈಲ್ ಆ್ಯಪ್ ಸುತ್ತಲಿನ ಸಿಡಿಲಿನ ಸೂಚನೆಯನ್ನು ಕೊಡುತ್ತದೆ. ಆಪತ್ತಿಗೆ ೧೧೨, ಆಂಬುಲೆನ್ಸಿಗೆ ೧೦೮ ಎಂಬ ಸಂಖ್ಯೆಗಳು ಮಕ್ಕಳಿಗೂ ಬಾಯಿಪಾಠವಾಗಿರಲಿ.

ಈ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಮೊಟ್ಟೆಯೊಡೆದು ಬರಲು ೪೫ರಿಂದ ೬೦ ದಿನಗಳು ಬೇಕಾಗುವುದರಿಂದ ಚಳಿಗಾಲದ ಕೊನೆಯಲ್ಲಿ ಇಟ್ಟ ಮೊಟ್ಟೆಗಳ ಮರಿಗಳು ಬೇಸಗೆಯಲ್ಲಿ ಕಡಲನ್ನು ಸೇರುತ್ತವೆ. ಹೊಳೆಯುವ ನೀರನ್ನು ನಂಬಿ ನಡೆಯುವ ಅವಕ್ಕೆ ದಡದ ಬಿಳಿಯ ದೀಪ ದಾರಿ ತಪ್ಪಿಸುತ್ತದೆ. ರಾತ್ರಿ ದಡದಲ್ಲಿ ನಡೆಯುವಾಗ ಮಂದವಾದ ಕೆಂಪು ದೀಪವನ್ನಷ್ಟೇ ಬಳಸಿರಿ. ಆಮೆಯ ಗೂಡನ್ನು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿರಿ.

೮. ಎರಡನೆಯ ದಿನದ ನಡಿಗೆ

ಪಾದರಕ್ಷೆ ಮತ್ತು ಚೀಲಗಳ ನಿಜವಾದ ಪರೀಕ್ಷೆಗೆ, ಬೆಳಗ್ಗೆ ಆರಕ್ಕೆ ಹೊರಟು ಉಚ್ಚಿಲ, ಮೂಳೂರುಗಳ ಮೂಲಕ ಉತ್ತರಕ್ಕೆ ಕಾಪುವಿನವರೆಗೆ ನಡೆಯಿರಿ. ಕೊನೆಯಲ್ಲಿ ಬಂಡೆಯ ಮೇಲೆ ನಿಂತಿರುವ, ೧೯೦೧ರಲ್ಲಿ ಕಟ್ಟಲಾದ ದೀಪಸ್ತಂಭ ಎದುರಾಗುತ್ತದೆ. ಇಳಿತದ ಹೊತ್ತಿನಲ್ಲಿ ನೀರಿನಂಚಿನ ಗಟ್ಟಿ ಮರಳಿನ ಮೇಲೆ ಹೆಜ್ಜೆ ಸುಲಭ. ಮೇಲಿನ ಒಣ ಮರಳಿನಲ್ಲಿ ಶ್ರಮ ಇಮ್ಮಡಿ. ದಾರಿಗೆ ಕಲ್ಲಿನ ತಡೆಗೋಡೆ ಅಡ್ಡ ಬಂದಲ್ಲಿ ಅದನ್ನು ಹತ್ತದೆ ಮೀನುಗಾರಿಕಾ ರಸ್ತೆಗೆ ಏರಿರಿ. ಬಿಸಿಲೇರುವ ಮುನ್ನ ತಲಪಿ, ಬಸ್ಸಿನಲ್ಲಿ ಹಿಂದಿರುಗುವುದು ಜಾಣತನ.

೯. ಮರಳಿದ ಮೇಲೆ

ಮೂರನೆಯ ದಿನ ಬೆಳಗ್ಗೆ ಡೇರೆಯನ್ನು ಬಿಚ್ಚಿ, ಹೂತ ಕೋಲುಗಳನ್ನು ತೆಗೆದು ಗುಂಡಿಗಳನ್ನು ಮುಚ್ಚಿ, ನಿಮ್ಮ ಕಸದೊಂದಿಗೆ ಕಡಲು ತಂದೆಸೆದ ಪ್ಲಾಸ್ಟಿಕ್ಕನ್ನೂ ಒಂದು ಚೀಲದಷ್ಟು ಹೆಕ್ಕಿಕೊಂಡು ಹೊರಡಿರಿ. ಮನೆಯಲ್ಲಿ ಪ್ರತಿಯೊಂದು ಸಾಮಾನನ್ನೂ ಸಿಹಿನೀರಿನಲ್ಲಿ ತೊಳೆದು, ಜಿಪ್ಪುಗಳ ಹಲ್ಲುಗಳಿಂದ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಚೂರಿಗೆ ತೆಂಗಿನೆಣ್ಣೆ ಸವರಿ, ಡೇರೆಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಸಡಿಲವಾಗಿ ಮಡಚಿಡಿರಿ. ಉಪ್ಪು ಲೋಹವನ್ನೂ, ಬಿಸಿಲು ನೈಲಾನನ್ನೂ, ತೇವ ಒಳಲೇಪವನ್ನೂ ತಿನ್ನುವುದರಿಂದ ಈ ಅರ್ಧ ದಿನದ ಶ್ರಮ ಡೇರೆಯ ಆಯುಷ್ಯಕ್ಕೆ ವರ್ಷಗಳನ್ನು ಕೂಡಿಸುತ್ತದೆ.

ಅಂದೇ ಸಂಜೆ, ನೆನಪು ಮಾಸುವ ಮುನ್ನ, ಸಾಮಾನಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದರ ಎದುರಿಗೆ ಅದು ಎಷ್ಟು ಕೆಲಸಗಳಿಗೆ ಒದಗಿತೆಂದು ಬರೆಯಿರಿ. ಒಂದಕ್ಕೂ ಒದಗದುದನ್ನು, ಔಷಧಿಯ ಪೆಟ್ಟಿಗೆಯೊಂದನ್ನು ಬಿಟ್ಟು, ಮುಂದಿನ ಸಲ ಮನೆಯಲ್ಲಿಯೇ ಇರಿಸಿರಿ. ಒಂದಕ್ಕೆ ಮಾತ್ರ ಒದಗಿದುದರ ಕೆಲಸವನ್ನು ಇನ್ನೊಂದರಿಂದ ಮಾಡಿಸಬಹುದೇ ಎಂದು ಯೋಚಿಸಿರಿ. ಮೂರಕ್ಕೆ ಒದಗಿದುದು ಹರಿದರೆ ಹೊಲಿದು, ಮುರಿದರೆ ದುರಸ್ತಿ ಮಾಡಿಸಿ ಉಳಿಸಿಕೊಳ್ಳಿರಿ. ಆ ಬಳಿಕವೇ, ಪಟ್ಟಿಯಲ್ಲಿ ನಿಜವಾದ ಕೊರತೆ ಕಂಡುಬಂದರೆ, ಹೊಸದೊಂದನ್ನು ಕೊಳ್ಳುವ ಮಾತು. ಹೀಗೆ ಎರಡು ಮೂರು ಬೇಸಗೆಗಳಲ್ಲಿ ತಿದ್ದಿ ತಯಾರಾದ ಪಟ್ಟಿಯು ಯಾವ ಜಾಹೀರಾತಿಗಿಂತಲೂ ವಿಶ್ವಾಸಾರ್ಹವಾದ ಮಾರ್ಗದರ್ಶಿಯಾಗುವುದು. ಅಂಥದೊಂದು ಪಟ್ಟಿ ಉಡುಪಿ ಜಿಲ್ಲೆಯ ಪ್ರತಿ ಶಾಲೆಯ ಸ್ಕೌಟ್ ದಳದಲ್ಲಿಯೂ, ಪ್ರತಿ ಯುವಕ ಮಂಡಲದಲ್ಲಿಯೂ ಸಿದ್ಧವಾಗಿ, ಸಾಮಾನುಗಳನ್ನು ಹತ್ತು ಮನೆಗಳವರು ಹಂಚಿಕೊಂಡು ಬಳಸುವಂತಾಗಲಿ ಎಂಬುದೇ ಈ ಲೇಖನದ ಆಶಯ.